ಕಾಡಿನಲ್ಲಿ ಪಾಯ ತೆಗೆಯುವ ಮುನ್ನ: ಭೂಕಂಪದ ಅಪಾಯವನ್ನು ನಾನು ಅಳೆಯುವ ಬಗೆ

1959ರ ಆಗಸ್ಟ್ 17ರ ರಾತ್ರಿ 11.37ಕ್ಕೆ ಅಮೆರಿಕದ ಮೊಂಟಾನಾ ರಾಜ್ಯದ ಹೆಬ್ಗೆನ್ ಸರೋವರದ ಬಳಿ 7.3 ಪ್ರಮಾಣದ ಭೂಕಂಪವಾಯಿತು. ಮ್ಯಾಡಿಸನ್ ಕಣಿವೆಯ ಒಂದು ಬದಿಯ ಬೆಟ್ಟ ಜಾರಿ ನದಿಗೆ ಅಡ್ಡ ಬಿತ್ತು. ಸತ್ತವರು 28 ಮಂದಿ. ಹೆಚ್ಚಿನವರು ರಾಷ್ಟ್ರೀಯ ಅರಣ್ಯದ ಕ್ಯಾಂಪ್‌ಗ್ರೌಂಡ್ ಮತ್ತು ಅದರ ಆಸುಪಾಸಿನಲ್ಲಿ ಮಲಗಿದ್ದವರು. ಅವರನ್ನು ಕೊಂದದ್ದು ಕಟ್ಟಡವಲ್ಲ, ಬೆಟ್ಟ. ರಾಷ್ಟ್ರೀಯ ಅರಣ್ಯದೊಳಗೆ ಜಾಗ ನೋಡಲು ಹೋದಾಗಲೆಲ್ಲ ನನ್ನ ಲೆಕ್ಕ ಶುರುವಾಗುವುದು ಇಲ್ಲಿಂದ. ನೆಲ ಎಷ್ಟು ಅಲುಗುತ್ತದೆ ಎಂಬುದನ್ನು ನಕ್ಷೆ ಹೇಳುತ್ತದೆ. ತಲೆಯ ಮೇಲಿರುವುದೇನು, ಕಾಲ ಕೆಳಗಿರುವುದೇನು ಎಂಬುದನ್ನು ನಡೆದೇ ನೋಡಬೇಕು.

ಮೊದಲು ಕೇಳುವ ಪ್ರಶ್ನೆ: ಇಲ್ಲಿ ಯಾರಾದರೂ ರಾತ್ರಿ ಮಲಗುತ್ತಾರೆಯೇ? ಬುತ್ತಿ ಬಿಚ್ಚಿ ಉಂಡು ಹೋಗುವ ಮೇಜಿಗೂ ಸಿಬ್ಬಂದಿ ತಂಗುವ ಮನೆಗೂ ಒಂದೇ ಮಟ್ಟದ ತನಿಖೆ ಬೇಕಿಲ್ಲ. ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘದ ಎಎಸ್‌ಸಿಇ 7 ಮಾನದಂಡದಲ್ಲಿ ಸಾಮಾನ್ಯ ಕಟ್ಟಡ ಎರಡನೇ ಅಪಾಯ ವರ್ಗ; ಅಗ್ನಿಶಾಮಕ ಠಾಣೆಯಂಥದ್ದು ನಾಲ್ಕನೆಯದು, ಅದರ ಭೂಕಂಪ ಗುಣಾಂಕ 1.5, ಅಂದರೆ ಒಂದೂವರೆ ಪಟ್ಟು ಬಲಕ್ಕೆ ವಿನ್ಯಾಸ. ಆದರೆ ಡೇರೆ ಹಾಕುವ ಜಾಗ ಯಾವ ವರ್ಗಕ್ಕೂ ಸೇರುವುದಿಲ್ಲ, ಏಕೆಂದರೆ ಅಲ್ಲಿ ಕಟ್ಟಡವೇ ಇಲ್ಲ. ಹಾಗಾಗಿ ಕಡತದಲ್ಲಿ ಅದು ನುಸುಳಿಹೋಗುತ್ತದೆ. ಐವತ್ತು ಜನ ಮಲಗುವ ಕ್ಯಾಂಪ್‌ಗ್ರೌಂಡನ್ನು ನಾನು ಐವತ್ತು ಜನರ ಕಟ್ಟಡವೆಂದೇ ಎಣಿಸುತ್ತೇನೆ.

ಕಚೇರಿ ಕೆಲಸ ಎರಡು ದಿನದ್ದು. ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನ ಕ್ವಾಟರ್ನರಿ ಸ್ತರಭಂಗ ನಕ್ಷೆ, ಅಂದರೆ ಭೂಮಿಯ ಇತಿಹಾಸದಲ್ಲಿ ಇತ್ತೀಚೆಗೆ ನೆಲ ಸೀಳಿ ಸರಿದ ಬಿರುಕುಗಳ ನಕ್ಷೆ, ತೆರೆದು ಹತ್ತಿರದ ಗೆರೆಗಳನ್ನು ಗುರುತು ಮಾಡಿಕೊಳ್ಳುತ್ತೇನೆ. ಗೆರೆ ಇಲ್ಲವೆಂದರೆ ಸ್ತರಭಂಗವೇ ಇಲ್ಲವೆಂದಲ್ಲ. ದಟ್ಟ ಕಾಡಿನಲ್ಲಿ ಅದುವರೆಗೆ ಯಾರ ಕಣ್ಣಿಗೂ ಬಿದ್ದಿಲ್ಲ ಎಂದಷ್ಟೇ ಇರಬಹುದು. ಸಿಯಾಟಲ್ ಎದುರಿನ ಬೇನ್‌ಬ್ರಿಜ್ ದ್ವೀಪದಲ್ಲಿ ಮರಗಳಡಿ ಅಡಗಿದ್ದ ಸ್ತರಭಂಗದ ಮೆಟ್ಟಿಲು, ಅಂದರೆ ನೆಲ ಸರಿದಾಗ ಎದ್ದ ಅಂಚು, 1990ರ ದಶಕದಲ್ಲಿ ಲಿಡಾರ್ (ವಿಮಾನದಿಂದ ಲೇಸರ್ ಬಿಟ್ಟು ನೆಲ ಅಳೆಯುವ ಸಾಧನ) ಹಾರಿಸಿದ ಮೇಲಷ್ಟೇ ಕಂಡದ್ದು. ಮರಗಳನ್ನು ಸೋಸಿ ತೆಗೆದ 1 ಮೀಟರ್ ನೆಲಚಿತ್ರ ಸಿಕ್ಕರೆ, ನೆರಳಿನ ಚಿತ್ರವನ್ನು ಕನಿಷ್ಠ ನಾಲ್ಕು ದಿಕ್ಕಿನ ಬೆಳಕಿನಲ್ಲಿ ಮಾಡಿಸಿ ನೋಡಬೇಕು. ಬೆಳಕು ಬರುವ ದಿಕ್ಕಿಗೇ ಚಾಚಿದ ಮೆಟ್ಟಿಲು ಆ ಚಿತ್ರದಲ್ಲಿ ಮಾಯವಾಗಿರುತ್ತದೆ.

ಎಡವುವುದೂ ಇಲ್ಲೇ. ಲಿಡಾರಿನಲ್ಲಿ ನೇರವಾಗಿ ಓಡುವ ಒಂದೂವರೆ ಮೀಟರ್ ಎತ್ತರದ ಅಂಚು ಕಂಡರೆ ಮೈ ಜುಮ್ಮೆನ್ನುತ್ತದೆ. ಹೋಗಿ ನೋಡಿದರೆ ಮರ ಎಳೆದ ಹಳೆಯ ದಾರಿ. ದಾರಿಯ ಅಗಲ ಉದ್ದಕ್ಕೂ ಒಂದೇ, 3–4 ಮೀಟರ್. ಮೇಲ್ಬದಿ ಕಡಿದು ಕೆಳಬದಿಗೆ ಮಣ್ಣು ತುಂಬಿರುತ್ತಾರೆ, ಏರು ಹದವಾಗಿರುತ್ತದೆ. ಸ್ತರಭಂಗಕ್ಕೆ ಏರಿಳಿತದ ಹಂಗಿಲ್ಲ. ದಿಣ್ಣೆ, ಹಳ್ಳ, ಹಳೆಯ ಮೆಕ್ಕಲು ದಂಡೆ ಎಲ್ಲವನ್ನೂ ಒಂದೇ ಗೆರೆಯಲ್ಲಿ ಸೀಳಿಕೊಂಡು ಹೋಗುತ್ತದೆ. ಇನ್ನೊಂದು ಮೋಸವೆಂದರೆ ಬೆಟ್ಟದ ನೆತ್ತಿಗೆ ಸಮಾನಾಂತರವಾಗಿ, ಮೇಲ್ಮುಖವಾಗಿ ನಿಂತ ಮೆಟ್ಟಿಲುಗಳು. ಅವು ಬಹುಪಾಲು ಬೆಟ್ಟ ತನ್ನದೇ ಭಾರಕ್ಕೆ ನಿಧಾನ ಕುಸಿಯುತ್ತಿರುವ ಗುರುತು. ಸ್ತರಭಂಗವಲ್ಲ ಎಂದು ಹೊಡೆದುಹಾಕಿ ಸುಮ್ಮನಾಗುವಂತಿಲ್ಲ. ಅದರ ಬುಡದಲ್ಲಿ ಕಟ್ಟುವುದಾದರೆ ಅದೇ ದೊಡ್ಡ ಅಪಾಯ.

ಜಾಗಕ್ಕೆ ಹೋದ ದಿನ ಕಟ್ಟುವ ಸ್ಥಳವನ್ನು ಕೊನೆಗೆ ನೋಡುತ್ತೇನೆ. ಮೊದಲು ಮೇಲಿನ ಇಳಿಜಾರು ಹತ್ತುತ್ತೇನೆ. ಉರುಳಿ ಬಂದ ಬಂಡೆಗಳ ಮೈಮೇಲೆ ಹಾವಸೆ ದಪ್ಪಗಿದೆಯೇ, ಇಲ್ಲ ಮುರಿದ ಮುಖ ಹೊಸದೇ? ಮರಗಳ ಮೇಲ್ಬದಿಯ ತೊಗಟೆ ಸುಲಿದಿದೆಯೇ, ಎಷ್ಟು ಎತ್ತರದಲ್ಲಿ? ಎದೆ ಎತ್ತರದ ಗಾಯವೆಂದರೆ ಬಂಡೆ ಪುಟಿದು ಬಂದಿದೆ. ಗಾಯದಿಂದ ಸಣ್ಣ ತಿರುಳು ತೆಗೆದು ಉಂಗುರ ಎಣಿಸಿದರೆ ಬಿದ್ದ ವರ್ಷವೂ ಸಿಗುತ್ತದೆ. ಆಮೇಲೆ ಕಟ್ಟುವ ಜಾಗದಲ್ಲಿ ನಿಂತು, ಕೈಯಲ್ಲಿ ಹಿಡಿಯುವ ಕೋನಮಾಪಕದಿಂದ ಕಲ್ಲುರಾಶಿಯ ನೆತ್ತಿ, ಅಂದರೆ ರಾಶಿ ಬಂಡೆಗೋಡೆಗೆ ತಾಗುವ ಬಿಂದುವನ್ನು ನೋಡುತ್ತೇನೆ. ಕೋನ ಸುಮಾರು 27 ಡಿಗ್ರಿಗಿಂತ ಹೆಚ್ಚಿದ್ದರೆ ಜಾಗ ಬಂಡೆಯ ಕೈಗೆಟುಕುವಷ್ಟು ಹತ್ತಿರದಲ್ಲಿದೆ. ಐದು ನಿಮಿಷದ ಈ ಅಳತೆಯಿಂದಲೇ ಎಷ್ಟೋ ಜಾಗಗಳು ಬಿಟ್ಟುಹೋಗುತ್ತವೆ. ಕಾಡು ಬಂಡೆಯನ್ನು ತಡೆಯುತ್ತದೆ ಎಂಬ ವಾದ ಅರ್ಧ ಸತ್ಯ. ಬೆಂಕಿ ಬಿದ್ದ ಮೇಲೆ ಬೇರು ಕೊಳೆತು ಕೆಲವೇ ವರ್ಷದಲ್ಲಿ ಇಳಿಜಾರಿನ ಹಿಡಿತ ಸಡಿಲವಾಗುತ್ತದೆ. ಇವತ್ತಿನ ಮರಗಳನ್ನು ನಂಬಿ 50 ವರ್ಷದ ಕಟ್ಟಡ ಕಟ್ಟುವಂತಿಲ್ಲ.

ಮಣ್ಣಿನ ಇಳಿಜಾರಿಗೆ ನ್ಯೂಮಾರ್ಕ್ ಲೆಕ್ಕ ಹಾಕುತ್ತೇನೆ. ಕಂಪನದಲ್ಲಿ ಜಾರುವ ದೂರ 15 ಸೆಂ.ಮೀ. ಒಳಗೆ ಬಂದರೆ ಗಂಭೀರ ಕುಸಿತದ ಸಂಭವ ಕಡಿಮೆ. 1 ಮೀಟರ್ ದಾಟಿದರೆ ಇಳಿಜಾರು ಬಂದೇ ಬಿಡುತ್ತದೆಂದು ಹಿಡಿಯಬೇಕು. ನಡುವಿನದ್ದರಲ್ಲಿ ಜಗಳವಿದೆ. ಮಲಗುವ ಜಾಗವಾದರೆ ನಾನು ಬೇಡವೆನ್ನುತ್ತೇನೆ.

ನದಿ ಪಕ್ಕದ ಸಮತಟ್ಟು ಎಲ್ಲರಿಗೂ ಇಷ್ಟ. ಸಡಿಲ ಮರಳು, ಅದರಲ್ಲಿ ನೀರು ಎರಡೂ ಇದ್ದರೆ ಅಲುಗಿದಾಗ ನೆಲ ಗಂಜಿಯಾಗುತ್ತದೆ, ದಡದ ಕಡೆ ಜಾರುತ್ತದೆ. ಇದಕ್ಕೆ ಎಸ್‌ಪಿಟಿ ಕೊರೆತ, ಅಂದರೆ ಕೊಳವೆಯನ್ನು ನೆಲಕ್ಕೆ ಬಡಿದಿಳಿಸಿ ಗಟ್ಟಿತನ ಅಳೆಯುವ ಪರೀಕ್ಷೆ: 63.5 ಕೆ.ಜಿ. ಸುತ್ತಿಗೆ 76 ಸೆಂ.ಮೀ. ಎತ್ತರದಿಂದ ಬೀಳಬೇಕು, ಕೊನೆಯ 30 ಸೆಂ.ಮೀ. ಇಳಿಯಲು ಬಿದ್ದ ಪೆಟ್ಟುಗಳನ್ನು ಎಣಿಸಬೇಕು. ಆಳಕ್ಕೂ ಸುತ್ತಿಗೆಯ ಬಲಕ್ಕೂ ತಕ್ಕಂತೆ ತಿದ್ದಿದ ಎಣಿಕೆ 30 ದಾಟಿದ ಶುದ್ಧ ಮರಳಿಗೆ ಆ ಭಯವಿಲ್ಲ. ನದೀ ಜಲ್ಲಿಯಲ್ಲಿ ಮಾತ್ರ ಈ ಸಂಖ್ಯೆ ಸುಳ್ಳು ಹೇಳುತ್ತದೆ. ಒಂದು ಉಂಡೆಕಲ್ಲು ಕೊಳವೆಯ ಬಾಯಿಗೆ ಸಿಕ್ಕರೆ ಸಡಿಲ ನೆಲವೂ 50 ಪೆಟ್ಟು ತಿನ್ನುತ್ತದೆ. ಹಾಗಾಗಿ 30 ಸೆಂ.ಮೀ.ಗೊಮ್ಮೆ ಅಲ್ಲ, ಪ್ರತಿ 2–3 ಸೆಂ.ಮೀ.ಗೆ ಎಣಿಸಿ, ಎಣಿಕೆ ಎಲ್ಲಿ ಹಠಾತ್ ಏರಿತು ಎಂದು ಬರೆಯಿಸುತ್ತೇನೆ. ನೀರಿನ ಮಟ್ಟದಲ್ಲೂ ಎಚ್ಚರ ಬೇಕು. ಕೊರೆಯುವುದು ಬೇಸಿಗೆ ಕೊನೆಯಲ್ಲಿ, ಆಗ ನೀರು ಆಳದಲ್ಲಿರುತ್ತದೆ. ಮಣ್ಣಿನಲ್ಲಿ ಬೂದು ಹಿನ್ನೆಲೆಗೆ ತುಕ್ಕುಬಣ್ಣದ ಚುಕ್ಕೆಗಳು ಎಲ್ಲಿಂದ ಶುರುವಾಗುತ್ತವೋ ಹಿಮ ಕರಗುವ ಕಾಲಕ್ಕೆ ನೀರು ಅಲ್ಲಿಯವರೆಗೆ ಏರುತ್ತದೆ. ಲೆಕ್ಕಕ್ಕೆ ಹಿಡಿಯುವುದು ಆ ಮಟ್ಟವನ್ನೇ.

ಮೇಲಿನ 30 ಮೀಟರ್ ನೆಲದ ಗಡಸುತನ ತಿಳಿಯಲು 24 ಜಿಯೋಫೋನ್ (ನೆಲದ ಕಂಪನ ಹಿಡಿಯುವ ಸಾಧನ), ಒಂದು ಸುತ್ತಿಗೆ, ಒಂದು ಲೋಹದ ಹಲಗೆ ಸಾಕು. ಅರ್ಧ ದಿನದ ಕೆಲಸ. ನೆಲವನ್ನು ಅಡ್ಡಡ್ಡಲಾಗಿ ಅಲುಗಿಸುವ ಷಿಯರ್ ತರಂಗದ ವೇಗ ಸೆಕೆಂಡಿಗೆ 180 ಮೀಟರಿಗಿಂತ ಕಡಿಮೆ ಬಂದರೆ, ಎಎಸ್‌ಸಿಇ 7ರ 2016ರ ಆವೃತ್ತಿಯಲ್ಲಿ ಅದು ಇ ವರ್ಗದ ಮೆತ್ತನೆ ನೆಲವಾಗಿತ್ತು.

ಸ್ತರಭಂಗದ ಅನುಮಾನ ಉಳಿದರಷ್ಟೇ ಕಂದಕ. ಸಾರ್ವಜನಿಕ ಅರಣ್ಯದಲ್ಲಿ ಜೆಸಿಬಿ ಇಳಿಸುವ ಮುನ್ನ ಪರಿಸರ ಪರಿಶೀಲನೆ, ಪುರಾತತ್ವದವರ ಒಪ್ಪಿಗೆ ಎರಡೂ ಬೇಕು. ಇದಕ್ಕೆ ಹಿಡಿಯುವ ಕಾಲ ಅಗೆತಕ್ಕಿಂತ ಹೆಚ್ಚು, ವೇಳಾಪಟ್ಟಿಯಲ್ಲಿ ಮೊದಲೇ ಸೇರಿಸಿ. ಕಂದಕ ಗೆರೆಗೆ ಅಡ್ಡಲಾಗಿರಬೇಕು, ಕಟ್ಟಡದ ಅಗಲವನ್ನು ಎರಡೂ ಕಡೆ ಮೀರಿ ಹೋಗಬೇಕು. ಆಳ 1.5 ಮೀಟರ್ ಮುಟ್ಟಿದರೆ ಗೋಡೆಗೆ ಆಸರೆ ಕಡ್ಡಾಯ, ಅಗೆದ ಮಣ್ಣು ಅಂಚಿನಿಂದ 60 ಸೆಂ.ಮೀ. ಆಚೆ. ಗೋಡೆ ಕೆರೆದು ಚೊಕ್ಕ ಮಾಡಿ, ದಾರದ ಚೌಕ ಕಟ್ಟಿ, ಪದರಗಳನ್ನು 1:20ರಲ್ಲಿ ಬರೆಯುತ್ತೇನೆ. ಒಂದು ಪದರ ಸ್ತರಭಂಗದ ಗೆರೆಯಲ್ಲಿ ತುಂಡಾಗಿ, ಅದರ ಬುಡದಲ್ಲಿ ತ್ರಿಕೋನಾಕಾರದ ಕಲ್ಲುಮಣ್ಣು ಕೂತಿದ್ದರೆ, ಮೆಟ್ಟಿಲು ಎದ್ದು ಕುಸಿದ ಒಂದು ಭೂಕಂಪ ಅಲ್ಲಿದೆ. ಬೇರು, ಬಿಲ, ಬುಡಮೇಲಾದ ಮರದ ಗುಂಡಿ ಮೂರೂ ಪದರ ಕಲಕಿ ಇದನ್ನೇ ನಟಿಸುತ್ತವೆ. ಎದುರು ಗೋಡೆಯಲ್ಲೂ ಅದೇ ಗೆರೆ ಮುಂದುವರಿದರೆ ಮಾತ್ರ ನಂಬುತ್ತೇನೆ.

ಕಾಲ ತಿಳಿಯಲು ಇದ್ದಿಲು ಹೆಕ್ಕುವಾಗ ದಪ್ಪ ತುಂಡುಗಳನ್ನು ಬಿಡಿ. ನೂರಾರು ವರ್ಷದ ಮರದ ಒಳತಿರುಳು ಸುಟ್ಟದ್ದಾದರೆ ವಯಸ್ಸು ಅಷ್ಟೇ ಹಿಂದಕ್ಕೆ ಹೋಗುತ್ತದೆ. ಸೂಜಿ ಎಲೆ, ಕಡ್ಡಿ, ಬೀಜದ ಸಿಪ್ಪೆ ಒಳ್ಳೆಯದು. ಕಳೆದ 11,700 ವರ್ಷದಲ್ಲಿ ಸರಿದ ಗೆರೆ ಸಿಕ್ಕರೆ ಜನ ತಂಗುವ ಕಟ್ಟಡವನ್ನು ಕನಿಷ್ಠ 50 ಅಡಿ, ಅಂದರೆ 15 ಮೀಟರ್ ಆಚೆ ಸರಿಸುತ್ತೇನೆ. ಇದು ಸ್ತರಭಂಗದ ಮೇಲೆ ಕಟ್ಟುವುದನ್ನು ತಡೆಯುವ ಕ್ಯಾಲಿಫೋರ್ನಿಯಾದ 1972ರ ಕಾಯ್ದೆಯಿಂದ ಬಂದ ರೂಢಿಯ ಅಳತೆ. ಗೆರೆ ಕವಲೊಡೆದಿದ್ದರೆ ಕೊನೆಯ ಕವಲಿನಿಂದ ಅಳೆಯಬೇಕು, ನಟ್ಟನಡುವಿನಿಂದಲ್ಲ.

ಸರೋವರದ ದಂಡೆಯಾದರೆ ಇನ್ನೊಂದು ಮಾತು: ಹೆಬ್ಗೆನ್‌ನಲ್ಲಿ ತಳವೇ ವಾಲಿ ನೀರು ತೊಟ್ಟಿಲಿನಂತೆ ತೂಗಿ ಅಣೆಕಟ್ಟಿನ ಮೇಲೆ ಹರಿದಿತ್ತು. ಒಂದೇ ದಾರಿಯಿರುವ ಕಣಿವೆಯಾದರೆ ಆ ದಾರಿಯ ಮೇಲಿನ ಇಳಿಜಾರುಗಳೂ ನನ್ನ ವರದಿಗೆ ಸೇರುತ್ತವೆ, ಅವು 5 ಕಿ.ಮೀ. ಆಚೆಗಿದ್ದರೂ.

ಕೆಲಸ ಮುಗಿದ ಮೇಲೆ ಕಂದಕವನ್ನು ಸುಮ್ಮನೆ ಮಣ್ಣೆಳೆದು ಮುಚ್ಚುವುದು ಮಾಮೂಲಿ ತಪ್ಪು. 20 ಸೆಂ.ಮೀ. ಪದರಗಳಲ್ಲಿ ಹದ ತೇವದಲ್ಲಿ ದಮ್ಮಸು ಹಾಕಿಸಿ, ನಾಲ್ಕು ಮೂಲೆಯ ಜಿಪಿಎಸ್ ಅಂಕಿಗಳನ್ನು ನಕ್ಷೆಯಲ್ಲಿ ಬರೆಯಬೇಕು. ಇಲ್ಲದಿದ್ದರೆ ಪಾಯದ ಒಂದು ಮೂಲೆ ಆ ಸಡಿಲ ಮಣ್ಣಿನ ಮೇಲೇ ಬಂದು ಕೂತು, ಭೂಕಂಪಕ್ಕೆ ಕಾಯದೆ ಎರಡನೇ ಮಳೆಗಾಲಕ್ಕೇ ಗೋಡೆ ಬಿರಿಯುತ್ತದೆ.