ಗೊರಸಿನ ನೋವಿಗೆ ಬೆಲ್ಲ ಬಿಡಿಸಿದ್ದು

ಮೈಸೂರಿನಲ್ಲಿ ಲಾಳ ಕಟ್ಟುವುದು ನನ್ನ ಕಸುಬು. ಕುದುರೆ ಕುಂಟಿದರೆ ಮಾಲೀಕರು ಮೊದಲು ಬೈಯುವುದು ಲಾಳವನ್ನೇ. ಈ ಸಾರೋಟಿನ ಹೆಣ್ಣು ಕುದುರೆಗೂ ಅದೇ ಮಾತು: "ಬಿಗಿ ಆಗಿದೆ, ಬಿಚ್ಚಿ ಕಟ್ಟಣ್ಣ." ಲಾಳದ ಮೊಳೆ ನೆಟ್ಟಿದ್ದರೆ ಕುದುರೆ ಆ ಒಂದು ಕಾಲನ್ನು ಎತ್ತಿಕೊಳ್ಳುತ್ತದೆ. ಇದು ಮುಂಗಾಲೆರಡನ್ನೂ ಮುಂದೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿತ್ತು. ಗೊರಸು ಕಾದಿತ್ತು. ಗಿಣ್ಣಿನ ಹಿಂಬದಿ ಬೆರಳಿಟ್ಟರೆ ನಾಡಿ ಧಡಧಡ ಹೊಡೆಯುತ್ತಿತ್ತು. ಗೊರಸಿನ ಮುಂತುದಿಯನ್ನು ಇಕ್ಕಳದಲ್ಲಿ ಒತ್ತಿದ್ದೇ ತಡ, ಕಾಲು ಕಿತ್ತುಕೊಂಡಿತು. ಲ್ಯಾಮಿನೈಟಿಸ್, ಅಂದರೆ ಗೊರಸಿನೊಳಗಿನ ಪದರಗಳ ಉರಿಯೂತ.

ನಮ್ಮ ಉಗುರು ಬೆರಳಿಗೆ ಅಂಟಿಕೊಂಡಂತೆ ಗೊರಸಿನ ಗೋಡೆಯೂ ಒಳಗಿನ ಮೂಳೆಗೆ ಸಣ್ಣ ಪದರಗಳಿಂದ ಅಂಟಿರುತ್ತದೆ. ಅವು ಸಡಿಲಾದರೆ ಮೂಳೆ ತಿರುಗಿ ಅಂಗಾಲಿನತ್ತ ಇಳಿಯುತ್ತದೆ. ಮೂಟೆಗೆ ಬಾಯಿ ಹಾಕಿ ಒಮ್ಮೆಗೇ ಧಾನ್ಯ ತಿಂದರೂ ಹೀಗಾಗುತ್ತದೆ, ಈದ ಮೇಲೆ ಕಸ (ಮಾಸು) ಬೀಳದೆ ನಂಜಾದರೂ ಆಗುತ್ತದೆ. ಮೈ ಬಂದ ಕುದುರೆಗೆ ಸಿಹಿ ಮೇವಿನಿಂದ ಇನ್ಸುಲಿನ್ ಏರಿದರಂತೂ ಹೇಳುವುದೇ ಬೇಡ.

ಏನು ಹಾಕ್ತೀರಿ ಅಂದೆ. ದಸರಾ ಮುಗಿದು ಸವಾರಿ ಇಲ್ಲದಿದ್ದರೂ ಹುರುಳಿ, ಬೂಸಾ ಮೊದಲಿನಷ್ಟೇ. ಜೊತೆಗೆ ಮಂಡ್ಯದ ನೆಂಟರು ಕಳಿಸಿದ ಬೆಲ್ಲದಚ್ಚು, ಕಬ್ಬಿನ ಸೋಗೆ. ಕತ್ತಿನ ಮೇಲೆ ಕೊಬ್ಬು ಗಟ್ಟಿಯಾಗಿ ಕಟ್ಟಿತ್ತು. ಮೈ ತುಂಬಿಕೊಂಡಿದೆ ಅಂತ ಅವರಿಗೆ ಖುಷಿ.

ಪಶುವೈದ್ಯರು ಬಂದು ನೋವಿಳಿಸುವ ಇಂಜೆಕ್ಷನ್ ಕೊಟ್ಟರು. ಎಕ್ಸ್‌ರೇಯಲ್ಲಿ ಮೂಳೆ ಸ್ವಲ್ಪವೇ ತಿರುಗಿತ್ತು. ಶುರುವಿನ 48–72 ಗಂಟೆ ಐಸ್ ನೀರು ಬಹಳ ಮುಖ್ಯ. ಮೀನು ಮಾರುವವರಿಂದ ಐಸ್ ತಂದು ಹಗಲೂ ರಾತ್ರಿ ಕಾಲು ಮುಳುಗಿಸಿಟ್ಟೆವು. ಕಲ್ಲುಹಾಸಿನ ಮೇಲೆ ಮರದ ಹೊಟ್ಟನ್ನು ದಪ್ಪಗೆ ಹರಡಿದೆವು. ಬೆಲ್ಲ, ಸೋಗೆ, ಹುರುಳಿ ಎಲ್ಲ ಬಂದ್. ಒಣಹುಲ್ಲನ್ನು ಗಂಟೆ ಹೊತ್ತು ನೆನೆಸಿ, ಸಿಹಿ ಇಳಿದ ಆ ನೀರನ್ನು ಚೆಲ್ಲಿ ಹಾಕಿಸಿದೆ. ಹಾಗಂತ ಉಪವಾಸ ಕೆಡವಬಾರದು. ಕೊಬ್ಬಿದ ಕುದುರೆ ಹಸಿದಿದ್ದರೆ ಮೈಯ ಕೊಬ್ಬು ರಕ್ತಕ್ಕೆ ಸೇರಿ ಪ್ರಾಣಕ್ಕೇ ಕುತ್ತು.

ನನ್ನ ಕೆಲಸ ಆಮೇಲಿನದು. ಲಾಳ ಬಿಚ್ಚಿ, ಎಕ್ಸ್‌ರೇ ಪಕ್ಕದಲ್ಲಿಟ್ಟುಕೊಂಡು ಮುಂತುದಿಯನ್ನು ಅರದಿಂದ ಹಿಂದಕ್ಕೆ ತಂದೆ. ಅಂಗಾಲಿಗೆ ಕತ್ತಿ ತಾಗಿಸಲಿಲ್ಲ, ಮೂಳೆಗೆ ಉಳಿದಿದ್ದ ಕಾವಲು ಅದೊಂದೇ. ನೋವು ಇಳಿದ ಮೇಲೆ "ಒಂದು ಸುತ್ತು ಹೋಗಿ ಬರಲಾ?" ಅಂತ ಮಾಲೀಕರು ಅವಸರ ಮಾಡಿದರು. ಗೊರಸು ತಿಂಗಳಿಗೆ ಬೆಳೆಯುವುದೇ 8–10 ಮಿಲಿಮೀಟರ್. ಮುಂದಿನ ಗೋಡೆ ಪೂರ್ತಿ ಹೊಸದಾಗಲು 9ರಿಂದ 12 ತಿಂಗಳು ಬೇಕು. ಇಂಜೆಕ್ಷನ್ ನೋವು ಮುಚ್ಚುತ್ತದೆ, ಪದರ ಕೂಡಿಸುವುದಿಲ್ಲ ಅಂತ ಗದರಿದೆ.

ಈಗ ಸಾರೋಟಿಗೆ ಕಟ್ಟುತ್ತಿದ್ದಾರೆ. ಬೆಲ್ಲ ಪೂರ್ತಿ ನಿಂತಿದೆ. ಸೋಗೆಯ ವಿಷಯದಲ್ಲಿ ನನಗೆ ನಂಬಿಕೆ ಇಲ್ಲ. ಲಾಳಕ್ಕೆ ಕರೆತಂದಾಗಲೆಲ್ಲ ಮೊದಲು ಕತ್ತು ತಡವಿ ನೋಡುತ್ತೇನೆ.