ಎಕ್ಸ್‌ಟೆಂಡೆಡ್ ಎಸ್ಸೇಗೆ ವಿಷಯ ಸಿಗ್ತಿಲ್ವಾ? ಅಜ್ಜನ ಮನೆಯ ಸುರಂಗ ಅಳೆಯಿರಿ

ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಡಿಪ್ಲೊಮಾ ಅಂದರೆ ನಮ್ಮ ಪಿಯುಸಿಯಂಥ ಎರಡು ವರ್ಷದ ಕೋರ್ಸು. ಅದರ ಮೊದಲ ವರ್ಷ ಮುಗಿಯುತ್ತಾ ಬಂದ ಮಕ್ಕಳಿಗೆ ಒಂದೇ ತಲೆನೋವು, ಎಕ್ಸ್‌ಟೆಂಡೆಡ್ ಎಸ್ಸೇ, ಅಂದರೆ ಸ್ವಂತ ಸಂಶೋಧನೆ ಮಾಡಿ ಬರೆಯುವ ಉದ್ದದ ಪ್ರಬಂಧ. ನಾನು ಬೆಂಗಳೂರಿನ ಒಂದು ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಭೂಗೋಳ ಪಾಠ ಮಾಡುವವನು. ಊರು ಕಾಸರಗೋಡಿನ ಬಾಯಾರು. ಹಾಗಾಗಿ ರಜೆಯಲ್ಲಿ ಮದುವೆ ಊಟಕ್ಕೆ ಕೂತರೂ ಪಕ್ಕದ ಎಲೆಯಿಂದ "ಮಾವ, ಒಂದು ಟಾಪಿಕ್ ಹೇಳಿ" ಅಂತ ಕೇಳುವವರು ಇದ್ದೇ ಇರುತ್ತಾರೆ. ಭೂಗೋಳ ತೆಗೆದುಕೊಂಡವರಿಗೆ ನನ್ನ ಉತ್ತರ ಬದಲಾಗುವುದಿಲ್ಲ. ಗುಡ್ಡೆ ಬದಿಗೆ ಹೋಗಿ, ನೀರಿಗಾಗಿ ಕೊರೆದ ಸುರಂಗ ನೋಡಿ.

ನಿಯಮ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಪ್ರಬಂಧ 4,000 ಪದ ಮೀರಬಾರದು. ಮೀರಿದ್ದನ್ನು ಪರೀಕ್ಷಕರು ಓದುವುದಿಲ್ಲ. ನಿಮ್ಮ ಕಡೆಯಿಂದ ಸುಮಾರು 40 ಗಂಟೆಯ ಕೆಲಸ. ಮೇಲ್ವಿಚಾರಕರಿಂದ ಸಿಗುವುದು 3ರಿಂದ 5 ಗಂಟೆ. ಅವರು ಒಂದೇ ಒಂದು ಕರಡಿಗೆ ಟಿಪ್ಪಣಿ ಕೊಡಬಹುದು. ಗ್ರೇಡು ಎ-ಯಿಂದ ಇ-ವರೆಗೆ. ಒಟ್ಟು 45 ಅಂಕಗಳಲ್ಲಿ ಇದಕ್ಕೂ ಥಿಯರಿ ಆಫ್ ನಾಲೆಡ್ಜ್ ಎಂಬ ಇನ್ನೊಂದು ಕಡ್ಡಾಯ ಪಾಠಕ್ಕೂ ಸೇರಿ 3 ಮಾತ್ರ. ಮೂರೇ ಅಲ್ವಾ ಅಂತ ಸುಮ್ನೆ ಕೂರಬೇಡಿ. ಇ ಬಂದರೆ ಡಿಪ್ಲೊಮಾವೇ ಕೈತಪ್ಪುತ್ತದೆ.

ಮಕ್ಕಳು ತರುವ ವಿಷಯಗಳು ಹೇಗಿರುತ್ತವೆ ಗೊತ್ತಾ? "ಭಾರತದ ನೀರಿನ ಸಮಸ್ಯೆ." "ಹವಾಮಾನ ಬದಲಾವಣೆ ಮತ್ತು ಕೃಷಿ." ಒಂದು ಬೆಳಿಗ್ಗೆ ನಡೆದು ಸುತ್ತಲಾಗದ ಜಾಗದ ಬಗ್ಗೆ 17 ವರ್ಷದವರು ಬರೆದರೆ ಅದು ಬೇರೆಯವರು ಬರೆದದ್ದರ ಸಾರಾಂಶವೇ ಆಗುತ್ತದೆ. ನಮ್ಮ ಬಾಯಾರು, ಪಡ್ರೆ, ಶೇಣಿ ಕಡೆಯ ಸುರಂಗ ಹಾಗಲ್ಲ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡೆಗೆ ಅಡ್ಡಲಾಗಿ, ಒಬ್ಬ ಆಳು ನಿಂತು ಅಗೆಯುವಷ್ಟು ಎತ್ತರಕ್ಕೆ ಕೊರೆದದ್ದು. ಒಳಗೆ ಒಸರುವ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಜಿಲ್ಲೆಯಲ್ಲಿ ಏಪ್ರಿಲ್‌ಗೆ ಬಾವಿ ಯಾಕೆ ಬತ್ತುತ್ತದೆ, ಪಕ್ಕದ ಸುರಂಗದಲ್ಲಿ ಮಾತ್ರ ನೀರು ಯಾಕೆ ಉಂಟು? ಇದು ನಿಜವಾದ ಪ್ರಶ್ನೆ.

ಅದನ್ನು ಸಂಶೋಧನಾ ಪ್ರಶ್ನೆ ಮಾಡುವಾಗ ಇನ್ನೂ ಕಿರಿದು ಮಾಡಿ. "ನಮ್ಮ ವಾರ್ಡಿನ ಸುರಂಗಗಳ ಬೇಸಿಗೆ ಹರಿವು, ಅವುಗಳ ಮೇಲಿನ ಗುಡ್ಡೆಯಲ್ಲಿ ಏನು ಬೆಳೆದಿದ್ದಾರೆ ಎಂಬುದನ್ನು ಎಷ್ಟರ ಮಟ್ಟಿಗೆ ಅವಲಂಬಿಸಿದೆ?" ಇಷ್ಟು ಸಾಕು. ಎಷ್ಟರ ಮಟ್ಟಿಗೆ ಅಂತ ಕೇಳಿದರೆ ವಾದಕ್ಕೆ ಜಾಗ ಇರುತ್ತದೆ. ಹೌದು-ಅಲ್ಲ ಅಂತ ಮುಗಿದುಹೋಗುವ ಪ್ರಶ್ನೆ ಬೇಡ.

ಈಗ ಅಳತೆ. ಒಂದು ಬಕೆಟು, ಒಂದು ಲೀಟರಿನ ಬಾಟಲಿ, ಫೋನಿನ ಸ್ಟಾಪ್‌ವಾಚ್ ಇದ್ದರೆ ಆಯಿತು. ಬಕೆಟಿನ ಮೇಲೆ ಬರೆದ ಲೀಟರು ನಂಬಬೇಡಿ. ಬಾಟಲಿಯಿಂದ ಹತ್ತು ಸಲ ಸುರಿದು, 10 ಲೀಟರಿಗೆ ಸರಿಯಾಗಿ ಮಾರ್ಕರಿನಿಂದ ಗೀಟು ಎಳೆಯಿರಿ. ಸುರಂಗದ ಬಾಯಲ್ಲಿ ನೀರು ಹರಡಿಕೊಂಡು ಬರುತ್ತದೆ. ಎರಡೂ ಬದಿಗೆ ಜೇಡಿಮಣ್ಣು ಮೆತ್ತಿ, ಮಧ್ಯೆ ಅಡಿಕೆ ಮರದ ದಂಬೆ (ಸೀಳಿ ತೋಡಿದ ಕಾಂಡ) ಇಡಿ. ದಂಬೆ ಇಲ್ಲದಿದ್ದರೆ ಪೈಪಿನ ತುಂಡೂ ನಡೆಯುತ್ತದೆ. ಬದಿಯಿಂದ ಸೋರುವುದು ಪೂರ್ತಿ ನಿಲ್ಲುವವರೆಗೆ ಕಾಯಿರಿ. ಆಮೇಲೆ ಮೂರು ಸಲ ಬಕೆಟು ತುಂಬಿಸಿ, ಸರಾಸರಿ ತೆಗೆಯಿರಿ. 10 ಲೀಟರು ತುಂಬಲು 50 ಸೆಕೆಂಡು ಹಿಡಿಯಿತು ಅನ್ನೋಣ. ನಿಮಿಷಕ್ಕೆ 12 ಲೀಟರು, ದಿನಕ್ಕೆ 17,280 ಲೀಟರು. ಒಂದು ನಲ್ಲಿಯಷ್ಟು ಬೀಳುವ ನೀರಿನ ಲೆಕ್ಕ ಇದು. ಬೆಂಗಳೂರಿನಲ್ಲಿ ಟ್ಯಾಂಕರಿಗೆ ಕಾಯುವವರಿಗೆ ಹೇಳಿದರೆ ನಂಬಲಾರರು. ಬತ್ತಿದ ಸುರಂಗ ಸಿಕ್ಕಿದರೆ ಬಿಟ್ಟು ಮುಂದೆ ಹೋಗಬೇಡಿ. ಸೊನ್ನೆಯೂ ದತ್ತಾಂಶವೇ.

ಇದಕ್ಕೆಲ್ಲ ಮಳೆ ಹಿಡಿಯುವ ಮೊದಲು ಬರಬೇಕು. ಶಾಲೆಗೆ ರಜೆ ಜೂನ್‌ನಲ್ಲೇ ಅಂತಿದ್ದರೆ ಏಪ್ರಿಲ್ ಮಧ್ಯದ ಬಿಸು ಹಬ್ಬಕ್ಕೆ ಊರಿಗೆ ಬಂದಾಗಲೇ ಒಂದು ಸುತ್ತು ಅಳೆದುಬಿಡಿ. ಮುಂದಿನ ಬೇಸಿಗೆಗೆ ನೀವು ಪರೀಕ್ಷಾ ಹಾಲಿನಲ್ಲಿರುತ್ತೀರಿ.

ಸುರಂಗದ ಒಳಗೆ ಮಾತ್ರ ಹೋಗಬೇಡಿ. ಕೊರೆಯುವವರೇ ಮೇಣದಬತ್ತಿ ಹಿಡಿದು ಗಾಳಿ ಉಂಟಾ ಅಂತ ನೋಡಿ ಹೋಗುವ ಜಾಗ ಅದು. ಬಾವಲಿ, ಹಾವು ಬೇರೆ. ಉದ್ದ ಎಷ್ಟು ಅಂತ ಮನೆಯವರನ್ನು ಕೇಳಿ ಬರೆದುಕೊಳ್ಳಿ, ಅವರು ಹೇಳಿದ್ದು ಅಂತಲೇ ದಾಖಲಿಸಿ.

ಮೇಲಿನ ಗುಡ್ಡೆಯಲ್ಲಿ ರಬ್ಬರೋ, ಗೇರೋ, ಕಾಡೋ, ಬರೀ ಪಾರೆಯೋ (ಬೋಳು ಬಂಡೆಯೋ) ಅಂತ ನಡೆದು ನೋಡಿ. ಆಮೇಲೆ ಗೂಗಲ್ ಅರ್ಥ್‌ನಲ್ಲಿ ಗಡಿ ಎಳೆದರೆ ವಿಸ್ತೀರ್ಣ ಸಿಗುತ್ತದೆ, ಅದರಿಂದ ಶೇಕಡಾವಾರು ಲೆಕ್ಕ ಹಾಕಿ. ಹತ್ತಿರ ಬೋರ್‌ವೆಲ್ ಇದ್ದರೆ ಎಷ್ಟು ದೂರ, ಯಾವ ವರ್ಷದ್ದು ಅಂತ ಗುರುತು ಹಾಕಿ. ಹರಿವು ಕಮ್ಮಿಯಾದದ್ದು ರಬ್ಬರಿನಿಂದಲೋ ಬೋರಿನಿಂದಲೋ ಎಂಬ ಜಗಳವೇ ನಿಮ್ಮ ಪ್ರಬಂಧದ ತಿರುಳು. ಮಳೆಯ ಅಂಕಿಗಳಿಗೆ ಕಾಸರಗೋಡಿನ ಸಿಪಿಸಿಆರ್‌ಐಗೆ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಶಾಲೆಯ ಪತ್ರ ಹಿಡಿದು ಹೋಗಿ ಕೇಳಿ. ಇನ್ನೊಂದು ಮಾತು, ಎರಡು ಅಂಶಗಳ ನಡುವೆ ನಂಟು ಎಷ್ಟು ಅಂತ ಲೆಕ್ಕ ಹಾಕುವ ಸ್ಪಿಯರ್‌ಮನ್ ಸೂತ್ರವನ್ನು ಐದಾರು ಸುರಂಗಕ್ಕೆಲ್ಲ ಹಾಕಿ ಜಂಭ ಪಡಬೇಡಿ. ಹತ್ತು ಹನ್ನೆರಡಾದರೂ ಬೇಕು.

ಸುರಂಗ ಕೊರೆದ ಹಿರಿಯರು ಸಿಕ್ಕಿದರೆ ಅದೃಷ್ಟ. ಆದರೆ ಕಾಗದ ಪೆನ್ನು ತೆಗೆದ ಕೂಡಲೇ ಅವರ ಮಾತು ನಿಲ್ಲುತ್ತದೆ. ಮೊದಲು ಜಗಲಿಯಲ್ಲಿ ಕೂತು ಚಾ ಕುಡಿಯಿರಿ. ಆಮೇಲೆ ರೆಕಾರ್ಡ್ ಮಾಡಬಹುದಾ ಅಂತ ಕೇಳಿ, ಒಪ್ಪಿದ್ದನ್ನೂ ರೆಕಾರ್ಡ್ ಮಾಡಿಕೊಳ್ಳಿ. "ಆ ಬೋರು ಹೊಡೆದ ಮೇಲೆ ನೀರು ಇಳಿಯಿತು ಮಾರಾಯ" ಅಂದರೆ, "ಯಾವ ವರ್ಷ?" ಅಂತ ಕೇಳಬೇಡಿ. "ಆಗ ನಿಮ್ಮ ಮಗಳು ಎಷ್ಟನೇ ಕ್ಲಾಸು?" ಅಂತ ಕೇಳಿ. ವರ್ಷ ಸರಿಯಾಗಿ ಸಿಗುತ್ತದೆ. ತುಳುವಿನಲ್ಲೋ ಮಲಯಾಳದಲ್ಲೋ ಹೇಳಿದರೆ ಹಾಗೆಯೇ ಇಟ್ಟುಕೊಳ್ಳಿ, ಇಂಗ್ಲಿಷ್ ಅನುವಾದ ನಿಮ್ಮದೇ ಅಂತ ಪ್ರಬಂಧದಲ್ಲಿ ಹೇಳಿ.

ಬರೆಯುವುದು ಇದರ ಮುಂದೆ ಸಲೀಸು. ಊರಿನ ವರ್ಣನೆಗೆ ಒಂದು ಪುಟ ಕೊಡಿ, ಜಾಸ್ತಿ ಬೇಡ. ದುಡ್ಡು ಕೊಟ್ಟು ಬರೆಸುವವರೂ ಇದ್ದಾರೆ, ಅಪ್ಪ ಅಮ್ಮಂದಿರೇ ಏಜೆಂಟರನ್ನು ಹುಡುಕುತ್ತಾರೆ. ಅಂಥವರ ಗುಟ್ಟು ಕೊನೆಯ ವೈವಾದಲ್ಲಿ, ಅಂದರೆ ಮೇಲ್ವಿಚಾರಕರು ಎದುರು ಕೂರಿಸಿ ಪ್ರಶ್ನೆ ಕೇಳುವಾಗ ಬಯಲಾಗುತ್ತದೆ. ನಾನು ದೊಡ್ಡ ಪ್ರಶ್ನೆ ಏನೂ ಕೇಳುವುದಿಲ್ಲ. ಬಕೆಟು ಎಲ್ಲಿಟ್ಟಿರಿ, ಬದಿಯಿಂದ ಸೋರಿದ ನೀರನ್ನು ಏನು ಮಾಡಿದಿರಿ, ಮೂರು ಅಳತೆಯಲ್ಲಿ ಒಂದು ಯಾಕೆ ಬೇರೆ ಬಂತು, ಇಷ್ಟೇ. ಹಾಗಾಗಿ ಅಳೆದ ದಿನವೇ ರಾತ್ರಿ ಇವಕ್ಕೆ ಉತ್ತರ ಡೈರಿಯಲ್ಲಿ ಬರೆದಿಡಿ. ಪ್ರಬಂಧದ ಜೊತೆ ಕೊಡಬೇಕಾದ 500 ಪದದ ರಿಫ್ಲೆಕ್ಷನ್‌ಗೂ (ಕೆಲಸದಲ್ಲಿ ಕಲಿತದ್ದರ ಬಗ್ಗೆ ಬರೆಯುವ ಬರಹ) ಅದೇ ಡೈರಿ ಸಾಕಾಗುತ್ತದೆ.