ಮೊದಲ ಆ್ಯಪ್ ಗಂಜಿನ ಲೆಕ್ಕದ್ದೇ ಇರಲಿ

ಆ್ಯಪ್ ಮಾಡೋಕೆ ಯಾವ ಭಾಷೆ ಕಲಿಯಲಿ ಅಂತ ಕಲಬುರಗಿಯ ಹುಡುಗರು ಕೇಳುತ್ತಾರೆ. ಯಾರಿಗೆ ಮಾಡ್ತೀರಿ ಅಂತ ನಾನು ತಿರುಗಿ ಕೇಳುತ್ತೇನೆ. ಅದು ಗೊತ್ತಿದ್ದರೆ ಉಳಿದದ್ದೆಲ್ಲ ಕಲಿಯಬಹುದು.

ಮನೆಯಲ್ಲೋ ಓಣಿಯಲ್ಲೋ ಒಬ್ಬರನ್ನು ಹಿಡಿಯಿರಿ. ತೊಗರಿ ರಾಶಿ ಮಾಡಿ ಗಂಜಿಗೆ, ಅಂದ್ರೆ ದವಸದ ಮಾರುಕಟ್ಟೆಗೆ, ಚೀಲ ಒಯ್ಯುವ ಕಾಕಾ ಇದ್ದೇ ಇರ್ತಾರೆ ಅಲ್ವಾ? ಅವರಿಗೆ ಬೇಕಾದ ಲೆಕ್ಕ ಒಂದೇ. 512 ಕೆಜಿ ತೂಕ, ಕ್ವಿಂಟಲ್‌ಗೆ 7,500 ದರ ಅಂದ್ರೆ 38,400 ರೂಪಾಯಿ. ಹಮಾಲಿ ಕಳೆದು ಕೈಗೆ ಎಷ್ಟು? ಮೂರು ಖಾನೆ, ಒಂದು ಬಟನ್. ಲಾಗಿನ್, ಚಾಟ್ ಏನೂ ಬೇಡ. ಇದಕ್ಕೆ ಇಂಟರ್ನೆಟ್ಟೂ ಬೇಕಿಲ್ಲ.

ಆ್ಯಪ್ ಬರೆಯುವ ಸಾಫ್ಟ್‌ವೇರ್ ಆಂಡ್ರಾಯ್ಡ್ ಸ್ಟುಡಿಯೋ ಉಚಿತ. ಭಾಷೆ ಕೋಟ್ಲಿನ್ ಇರಲಿ, 2019ರಿಂದ ಗೂಗಲ್ ಹೇಳುವುದೂ ಅದನ್ನೇ. ಒಂದೇ ಕೋಡಿನಿಂದ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಕಟ್ಟುವ ಫ್ಲಟರ್ ಕೂಡ ಒಳ್ಳೆಯದು, ಆದರೆ ಅದರಲ್ಲಿ ಐಫೋನ್ ಆ್ಯಪ್ ಕಟ್ಟೋಕೆ ಮ್ಯಾಕ್ ಬೇಕು. ಮೊದಲ ಸಲ ಪ್ರಾಜೆಕ್ಟ್ ತೆರೆದಾಗ, ಕೋಡನ್ನು ಆ್ಯಪ್ ಆಗಿ ಜೋಡಿಸುವ ಗ್ರೇಡಲ್ ಬಹಳಷ್ಟು ಫೈಲ್ ಇಳಿಸಿಕೊಳ್ಳುತ್ತದೆ. ಒಳ್ಳೆ ವೈಫೈ ಇರುವಲ್ಲಿ ಕೂತು ಮಾಡಿ, ಅರ್ಧಕ್ಕೆ ನಿಲ್ಲಿಸಬೇಡಿ.

8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪಿನಲ್ಲಿ ಎಮ್ಯುಲೇಟರ್ (ಲ್ಯಾಪ್‌ಟಾಪ್ ಪರದೆಯ ಮೇಲಿನ ನಕಲಿ ಫೋನ್) ಹಚ್ಚಿದರೆ ತೆವಳುತ್ತದೆ. ನಿಮ್ಮ ಫೋನೇ ಸಾಕು. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿ. ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಅಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಕೇಬಲ್ ಹಾಕಿ, ರನ್ ಒತ್ತಿ.

ಹೊಸಬರ ಆ್ಯಪ್ ಬೀಳುವುದು ಹೆಚ್ಚಾಗಿ ಖಾಲಿ ಖಾನೆಯಲ್ಲಿ. ತೂಕದ ಖಾನೆಯಲ್ಲಿ ಬರೆದದ್ದು ಕೋಟ್ಲಿನ್‌ಗೆ ಬರೀ ಅಕ್ಷರ, ಸಂಖ್ಯೆ ಅಲ್ಲ. ಅದನ್ನು ಟು-ಡಬಲ್ (toDouble) ಅಂತ ಸಂಖ್ಯೆಗೆ ಬದಲಿಸುವಾಗ ಖಾನೆ ಖಾಲಿ ಇದ್ದರೆ ಆ್ಯಪ್ ಅಲ್ಲೇ ಮುಚ್ಚಿಕೊಳ್ಳುತ್ತದೆ. ಅದರ ಬದಲು ಟು-ಡಬಲ್-ಆರ್-ನಲ್ (toDoubleOrNull) ಬಳಸಿ. ನಲ್, ಅಂದ್ರೆ ಸಂಖ್ಯೆ ಇಲ್ಲ ಅಂತ ಬಂದರೆ ‘ತೂಕ ಬರೆಯಿರಿ’ ಅಂತ ತೋರಿಸಿ. ಈ ಒಂದನ್ನು ಸರಿಯಾಗಿ ಮಾಡಿ ನೋಡಿ, ಬಳಸುವವರ ಬಗ್ಗೆ ಯೋಚಿಸೋದು ಅಲ್ಲಿಂದಲೇ ಶುರುವಾಗುತ್ತದೆ. ಕೀಬೋರ್ಡೂ ಅಂಕಿಗಳದ್ದೇ ಬರುವಂತೆ ಮಾಡಿ.

ಬಟನ್ ಮೇಲಿನ ಮಾತುಗಳನ್ನು ಕೋಡ್ ಒಳಗೆ ಬರೆಯಬೇಡಿ. ಸ್ಟ್ರಿಂಗ್ಸ್ ಫೈಲಿನಲ್ಲಿಡಿ, ಕನ್ನಡದ್ದನ್ನು ‘ವ್ಯಾಲ್ಯೂಸ್-ಕೆಎನ್’ (values-kn) ಫೋಲ್ಡರಿನಲ್ಲಿಡಿ. ಫೋನಿನ ಭಾಷೆ ಕನ್ನಡ ಇದ್ದರೆ ಆ್ಯಪೂ ತಾನಾಗೇ ಕನ್ನಡದಲ್ಲಿ ತೆರೆಯುತ್ತದೆ.

ಆಮೇಲೆ ಫೋನಿಗೆ ಆ್ಯಪ್ ಹಾಕುವ ಎಪಿಕೆ ಫೈಲ್ ಮಾಡಿ ಕಾಕಾನ ಫೋನಿಗೆ ಹಾಕಿ, ಮಧ್ಯಾಹ್ನದ ಬಿಸಿಲಲ್ಲಿ ಬಳಸಲು ಕೊಡಿ. ಸುಮ್ನೆ ಪಕ್ಕದಲ್ಲಿ ನಿಲ್ಲಿ, ಹೇಳಿಕೊಡಬೇಡಿ. ಎಲ್ಲಿ ಬೆರಳು ತಡೆಯಿತೋ ಅಲ್ಲಿ ತಿದ್ದಿ.

ಪ್ಲೇ ಸ್ಟೋರ್‌ಗೆ ಅವಸರ ಬೇಡ. ಖಾತೆಗೆ ಒಮ್ಮೆ 25 ಡಾಲರ್ ಕಟ್ಟಬೇಕು. ಹೊಸ ವೈಯಕ್ತಿಕ ಖಾತೆಯಾದರೆ ಕನಿಷ್ಠ 12 ಜನ ಸತತ 14 ದಿನ ಪರೀಕ್ಷೆಯಲ್ಲಿ ಸೇರಿರಬೇಕು. ಆ 12 ಜನರನ್ನು ಗಂಜಿಗೆ ಹೋಗುವವರಲ್ಲೇ ಹುಡುಕಿ.